ಕಚ್ಚುವ ಮಷಿನ್

ಟಪ್!

ಫ್ಯಾನ್ ನಿಂತಿತು. ಟಿವಿ ಕಣ್ಣು ಮುಚ್ಚಿತು. ಬಚ್ಚಲಮನೆಯಿಂದ ಅಜ್ಜಿ ಕೂಗಿದರು: "ಅಯ್ಯಯ್ಯಪ್ಪಾ!"

"ಅಜ್ಜಿ ಮತ್ತೆ ಮುಟ್ಟಿದ್ರು!" ಗಿಳಿ ನಗುತ್ತಾ ಸ್ಟೂಲ್ ಹತ್ತಿದಳು. ಮನೆಯ ಕರೆಂಟು ಕಡಿದು ಕೆಳಗೆ ಬಿದ್ದ ಟ್ರಿಪ್ ಸ್ವಿಚ್ಚನ್ನು ಎತ್ತುವುದು ಅವಳದೇ ಕೆಲಸ. ಯಾರ ದನಿಯನ್ನಾದರೂ ಇದ್ದ ಹಾಗೇ ಅನುಕರಿಸುವುದರಿಂದ ಮನೆಯಲ್ಲಿ ಅವಳಿಗೆ ಗಿಳಿ ಎಂದೇ ಹೆಸರು.

"ಆ ಮಷಿನ್ ಕಚ್ಚುತ್ತೆ ಕಣೋ," ಅಜ್ಜಿ ಕೈ ಕೊಡವುತ್ತಾ ಬಂದರು.

"ಬಟ್ಟೆ ಒಗೆಯೋ ಮಷಿನ್ನಿಗೆ ಹಲ್ಲೆಲ್ಲಿದೆಯಮ್ಮಾ?" ಎಂದರು ಅಪ್ಪ. "ನಮಗೆ ಟ್ರಿಪ್ ಹೋಗೋಕೆ ಪುರುಸೊತ್ತಿಲ್ಲ. ಈ ಸ್ವಿಚ್ ಮಾತ್ರ ದಿನಾ ಟ್ರಿಪ್ ಹೋಗುತ್ತೆ! ಇವತ್ತು ಅದನ್ನ ಕೀಳಿಸೇಬಿಡ್ತೀನಿ."

ಸಂಜೆ ವೈರಿಂಗ್ ಮಾಮ ಬಂದ. ಅಮ್ಮನ ತಮ್ಮ. ಊರಿಗೆಲ್ಲ ಲೈಟು ಹಾಕಿ, ತನ್ನ ಗಾಡಿಯ ಲೈಟು ಮರೆಯುವವ.

ಅವನು ಎಲ್ಲ ಪ್ಲಗ್ ಕಿತ್ತು ಒಂದೊಂದಾಗಿ ಹಾಕಿದ. ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಫ್ರಿಜ್, ವಾಷಿಂಗ್ ಮಷಿನ್. ಊಹೂಂ, ಸ್ವಿಚ್ ಅಲ್ಲಾಡಲಿಲ್ಲ.

"ಎಲ್ಲಾ ಸಾಧುಗಳ ಥರ ಕೂತಿವೆ ಭಾವ. ಸ್ವಿಚ್ಚಿಗೇ ವಯಸ್ಸಾಗಿರಬೇಕು."

"ಹಾಗಾದ್ರೆ ಕಿತ್ತು ಡೈರೆಕ್ಟ್ ಕೊಟ್ಬಿಡಪ್ಪ."

ಮಾಮ ಸ್ಕ್ರೂಡ್ರೈವರ್ ತೆಗೆದ.

"ತಡಿ ಮಾಮ, ಲಾಸ್ಟ್ ಶೋ ನೋಡ್ಬಿಡು!" ಗಿಳಿ ಬೆನ್ನು ಬಗ್ಗಿಸಿದಳು. ಚಪ್ಪಲಿ ಬಿಟ್ಟಳು. ಇಲ್ಲದ ಬಟ್ಟೆ ಹಿಂಡಿದಳು. ಒದ್ದೆ ಕೈ ಚಾಚಿ ಸೋಫಾ ಮುಟ್ಟಿದವಳೇ, "ಅಯ್ಯಯ್ಯಪ್ಪಾ! ಟಪ್!" ಎಂದು ಮೊಳ ಎತ್ತರ ಹಾರಿದಳು.

ಅಪ್ಪ ಬಿದ್ದು ಬಿದ್ದು ನಕ್ಕರು. ಮಾಮ ನಗಲಿಲ್ಲ.

"ಇನ್ನೊಂದ್ಸಲ ಮಾಡು."

ಗಿಳಿ ಮಾಡಿದಳು.

"ಕೂಗೋದು ಮೊದಲಾ, ಟಪ್ ಅನ್ನೋದು ಮೊದಲಾ?"

"ಎರಡೂ ಒಟ್ಟಿಗೇ."

"ಚಪ್ಪಲಿ?"

"ಬಚ್ಚಲಲ್ಲಿ ಅಜ್ಜಿ ಹಾಕಲ್ಲ."

ಮಾಮ ತನ್ನ ರಬ್ಬರ್ ಚಪ್ಪಲಿಯನ್ನೊಮ್ಮೆ ನೋಡಿಕೊಂಡ. ಬಚ್ಚಲಿಗೆ ಹೋಗಿ ಮಷಿನ್ ಆನ್ ಮಾಡಿ, ಅದರ ತಗಡಿಗೆ ಟೆಸ್ಟರ್ ತಾಗಿಸಿದ.

ಟೆಸ್ಟರ್‌ನೊಳಗೆ ಕೆಂಪು ದೀಪ ಹತ್ತಿತು.

ಅಪ್ಪನ ನಗು ಅರ್ಧಕ್ಕೇ ನಿಂತಿತು.

ಮಾಮ ಮಷಿನ್ ಆಫ್ ಮಾಡಿ, ಪ್ಲಗ್ ಕಿತ್ತು ಬಿಚ್ಚಿದ. ಒಳಗೆ ಹಸಿರು ವೈರು ಕಿತ್ತುಬಂದಿತ್ತು.

"ಸೋರಿದ ಕರೆಂಟು ಈ ಅರ್ಥ್ ವೈರಲ್ಲಿ ನೆಲಕ್ಕೆ ಹೋಗ್ಬೇಕಿತ್ತು. ಇದು ಕಿತ್ತುಹೋಗಿದೆ. ಅದಕ್ಕೇ ಅತ್ತೆ ಬರಿಗಾಲಲ್ಲಿ ಮುಟ್ಟಿದಾಗೆಲ್ಲ..." ಮಾಮ ಸ್ಕ್ರೂಡ್ರೈವರ್ ಕೆಳಗಿಟ್ಟ. "ಅವರ ಮೈಯಿಂದ ಹೋಗ್ತಿತ್ತು. ಪ್ರತಿಸಲ ಆ ಸ್ವಿಚ್ಚೇ ಬಿದ್ದು ಅವರನ್ನ ಉಳಿಸಿದೆ ಭಾವ. ಅದನ್ನೇ ನಾನು ಕೀಳೋಕೆ ಹೊರಟಿದ್ದೆ!"

ಅಪ್ಪ ಗೋಡೆಗೆ ಒರಗಿದರು.

ಗಿಳಿ ತಿರುಗಿ ಆ ಸ್ವಿಚ್ಚಿನ ಕಡೆ ನೋಡಿದಳು. ದಿನಾ ಸ್ವಿಚ್ ಎತ್ತಿ ಅವಳು ಕೂಗುತ್ತಿದ್ದಳು: "ಅಜ್ಜೀ, ಕರೆಂಟ್ ಬಂತು, ಇನ್ನೊಂದ್ಸಲ ಮುಟ್ಟಿ!" ತಮಾಷೆಗೆ.

ಒಣಗಿದ ಬಟ್ಟೆ ಹೊತ್ತು ಅಜ್ಜಿ ಒಳಬಂದರು. "ಏನ್ರೋ, ನಿಮಗೂ ಶಾಕ್ ಹೊಡೀತಾ? ಗಿಳಿ, ಏನೇ ಸುಮ್ಮನಾದೆ? ನನ್ನ ಥರ ಕುಣಿದು ತೋರಿಸೇ."

ಗಿಳಿ ಕುಣಿಯಲಿಲ್ಲ. ಬಟ್ಟೆಯ ಗಂಟನ್ನು ಇಸಿದುಕೊಂಡು ಕೆಳಗಿಟ್ಟಳು. ಅಜ್ಜಿಯ ಕೈ ಹಿಡಿದುಕೊಂಡಳು.

"ಎಲ್ಲಿ ಕಚ್ತಿತ್ತು ಅಜ್ಜಿ?" ಎಂದಳು, ತನ್ನದೇ ದನಿಯಲ್ಲಿ.

ಅಜ್ಜಿ ಒಂದು ಗಳಿಗೆ ಅವಳ ಮುಖವನ್ನೇ ನೋಡಿದರು. ಆಮೇಲೆ ಮೆಲ್ಲಗೆ ಬೆರಳು ಬಿಡಿಸಿ ತೋರಿಸಿದರು.