ಏರದ ಹುಬ್ಬಿನ ಪ್ರಕರಣ

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಠಾಣೆಯ ಮೆಟ್ಟಿಲು ಹತ್ತಿ ಬಂದ ಹೆಂಗಸು ನೇರವಾಗಿ ಹೆಡ್ ಕಾನ್‌ಸ್ಟೆಬಲ್ ಮೇಜಿನ ಮುಂದೆ ನಿಂತಳು. ಎಡಗಣ್ಣಿನ ರೆಪ್ಪೆ ಅರ್ಧ ಮುಚ್ಚಿಕೊಂಡಿತ್ತು. ಹೆಡ್ ಸಾಹೇಬರು ಗಲಿಬಿಲಿಯಿಂದ ಸುತ್ತ ನೋಡಿದರು.

“ಏನಮ್ಮಾ, ಠಾಣೆಗೆ ಬಂದು ಕಣ್ಣು ಹೊಡೀತೀರಲ್ಲ?”

“ಹೊಡೆಯೋ ಹಾಗಿದ್ರೆ ನಿಮಗ್ಯಾಕೆ ಹೊಡೀಲಿ ಸಾರ್? ದೂರು ಬರ್ಕೊಳ್ಳಿ.”

ಒಳಗಿದ್ದ ಇನ್‌ಸ್ಪೆಕ್ಟರ್ ನಗು ತಡೆದುಕೊಂಡು ಇಬ್ಬರನ್ನೂ ತಮ್ಮ ಕೋಣೆಗೆ ಕರೆದರು.

ಆಕೆ ಕಿವುಡ ಮಕ್ಕಳ ಶಾಲೆಯ ಟೀಚರ್. ಹತ್ತು ದಿನದ ಹಿಂದೆ ಒಂದು ಬ್ಯೂಟಿ ಪಾರ್ಲರಿನ ಹಿಂದಿನ ಕೋಣೆಯಲ್ಲಿ ಹಣೆಯ ಸುಕ್ಕಿಗೆ ಇಂಜೆಕ್ಷನ್ ಹಾಕಿಸಿಕೊಂಡಿದ್ದಳು. ಹಾಕಿದವಳು ಡಾಕ್ಟರ್ ಎಂದು ಹೇಳಿಕೊಂಡಿದ್ದಳು. ಗಿರಾಕಿಗಳು ಕರೆಯುತ್ತಿದ್ದುದು ‘ಸೂಜಿಯಕ್ಕ’ ಎಂದು. ವಾರದೊಳಗೆ ಟೀಚರ್ ರೆಪ್ಪೆ ಜೋತುಬಿತ್ತು, ಹುಬ್ಬು ಮರಗಟ್ಟಿತು.

“ಜುಟ್ಟಿಗೆ ಮಲ್ಲಿಗೆ ಬೇಕಿತ್ತಾ?” ಹೆಡ್ ಸಾಹೇಬರು ಗೊಣಗಿದರು.

“ಬೇಕಿತ್ತು. ನನ್ನ ಹಣೆ, ನನ್ನ ಆಸೆ. ಡಾಕ್ಟರ್ ಅಂತ ಸುಳ್ಳು ಹೇಳಿ ಚುಚ್ಚಿದ್ದು ಅವಳ ತಪ್ಪು. ಅದನ್ನ ಬರೀರಿ.”

ಅವಳ ಸಂಕಟ ಬೇರೆಯೇ ಇತ್ತು. ಸನ್ನೆ ಭಾಷೆಯಲ್ಲಿ ಹುಬ್ಬು ಆಡಿದರೆ ಪ್ರಶ್ನೆ, ಆಡದಿದ್ದರೆ ಬರೀ ಹೇಳಿಕೆ. ಈಗ ಅವಳು ‘ಊಟ ಆಯ್ತಾ’ ಎಂದು ಕೇಳಿದರೆ ಮಕ್ಕಳಿಗೆ ‘ಊಟ ಆಯ್ತು’ ಎಂದೇ ಕಾಣುತ್ತಿತ್ತು. ಮುಖ ಸರಿಯಾಗುವವರೆಗೆ ರಜೆ ಹಾಕಿ, ಇಲ್ಲದಿದ್ದರೆ ಬೇರೆಯವರನ್ನು ನೋಡುತ್ತೇವೆ ಎಂದಿದ್ದರು ಹೆಡ್‌ಮಾಸ್ಟರ್.

“ಹೆಸರು ಹೊರಗೆ ಬರೋದು ಬೇಡ ಅಂದ್ರೆ ಗುಟ್ಟಾಗಿ ವಿಚಾರಿಸ್ತೀವಿ,” ಎಂದರು ಇನ್‌ಸ್ಪೆಕ್ಟರ್.

“ಯಾಕೆ ಸಾರ್? ಕದ್ದೋಳು ನಾನಲ್ಲ. ನಾನ್ಯಾಕೆ ಮುಖ ಮುಚ್ಕೊಳ್ಳಲಿ?”

ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ ಪಾರ್ಲರಿನಲ್ಲಿ ಪಂಚನಾಮೆ ನಡೆಯಿತು. ಒಂದು ಒರಗು ಕುರ್ಚಿ, ಕೈಗನ್ನಡಿ, ಫಿನಾಯಿಲ್ ವಾಸನೆ, ಸೂಜಿಯಿಲ್ಲ, ಸೀಸೆಯಿಲ್ಲ. ಕೋಣೆ ಬಾಡಿಗೆಗೆ ಕೊಟ್ಟಿದ್ದೆನಷ್ಟೇ ಎಂದು ಮಾಲಕಿ ಕೈ ತೊಳೆದುಕೊಂಡಳು. ಸೂಜಿಯಕ್ಕನ ಫೋನ್ ಸ್ವಿಚ್ ಆಫ್. ಮಹಿಳಾ ಕಾನ್‌ಸ್ಟೆಬಲ್ ಪಾರ್ಲರಿನ ಗಿರಾಕಿಗಳನ್ನು ವಿಚಾರಿಸಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇಲ್ಲಿ ಇಂಜೆಕ್ಷನ್ ಅಂದ ಕೂಡಲೇ ಎಲ್ಲರ ಕೈಯೂ ಹಣೆಗೆ ಹೋಯಿತು. “ನಾನಾ? ನಂದು ಹುಟ್ಟಿದಾಗಿಂದ ಹೀಗೇ ನುಣ್ಣಗೆ,” ಎಂದಳೊಬ್ಬಳು. ಸಾಕ್ಷಿ ಹೇಳಲು ಒಬ್ಬಳೂ ಒಪ್ಪಲಿಲ್ಲ.

ಸಂಜೆ ಇನ್‌ಸ್ಪೆಕ್ಟರ್ ಟೀಚರನ್ನು ಮತ್ತೆ ಕರೆಸಿದರು.

“ರಜೆ ಹಾಕಿದ್ರಾ?”

“ಹಾಕಲಿಲ್ಲ. ಬೆರಳಲ್ಲಿ ಹುಬ್ಬು ಎತ್ತಿ ಎತ್ತಿ ಪಾಠ ಮಾಡ್ತಿದ್ದೀನಿ. ಮಕ್ಕಳೂ ಈಗ ಹಂಗೇ ಎತ್ಕೊಂಡು ಪ್ರಶ್ನೆ ಕೇಳ್ತಾವೆ, ಕಪಿಗಳು.”

“ಚುಚ್ಚಿದ ಮೇಲೆ ಅವಳು ಏನು ಮಾಡಿದಳು?”

“ಸೀಸೇಲಿ ಒಂಚೂರು ಉಳಿದಿತ್ತು. ಚೆಲ್ಲೋಕೆ ಹೊಟ್ಟೆ ಉರಿಯುತ್ತೆ ಅಂದು, ಕನ್ನಡಿ ಹಿಡ್ಕೊಂಡು ತನ್ನ ಹಣೆಗೇ ಹಾಕ್ಕೊಂಡ್ಲು.”

“ಅದೇ ಸೀಸೇದಾ?”

“ಅದೇ.”

“ಮಾಡಿದ್ದುಣ್ಣೋ ಮಹಾರಾಯ!” ಎಂದರು ಹೆಡ್ ಸಾಹೇಬರು. ಈ ಸಲ ಟೀಚರ್ ಕೂಡ ನಕ್ಕಳು.

ಹಾಗಾದರೆ ಸೂಜಿಯಕ್ಕನ ರೆಪ್ಪೆಯೂ ಬಿದ್ದಿರಬೇಕು. ಜೋತ ರೆಪ್ಪೆ ಎತ್ತಲು ಟೀಚರಿಗೆ ಕಣ್ಣಿನ ಡಾಕ್ಟರು ಬರೆದುಕೊಟ್ಟ ಹನಿ ಔಷಧಿಯ ಹೆಸರು ಹಿಡಿದುಕೊಂಡು ಪೊಲೀಸರು ಮಂಗಳವಾರವಿಡೀ ಔಷಧಿ ಅಂಗಡಿಗಳನ್ನು ಸುತ್ತಿದರು. ಸಂಜೆಯ ಹೊತ್ತಿಗೆ ಒಬ್ಬ ಅಂಗಡಿಯವನು ತಲೆಯಾಡಿಸಿದ. ಕಪ್ಪು ಕನ್ನಡಕದ ಹೆಂಗಸೊಬ್ಬಳು ಅದನ್ನೇ ಕೇಳಿದ್ದಳು, ಸ್ಟಾಕ್ ಇರಲಿಲ್ಲ, ನಾಳೆ ಬರುತ್ತಾಳೆ ಎಂದ.

ಬುಧವಾರ ಮಧ್ಯಾಹ್ನ ಅವಳು ಬಂದಳು. ಕೌಂಟರ್ ಪಕ್ಕದಲ್ಲಿ ಮಫ್ತಿಯಲ್ಲಿದ್ದ ಮಹಿಳಾ ಕಾನ್‌ಸ್ಟೆಬಲ್ ಮುಂದೆ ಬಂದಳು.

“ಕನ್ನಡಕ ತೆಗೀರಿ.”

“ಕಣ್ಣು ಬಂದಿದೆ, ಅಂಟುತ್ತೆ.”

“ಅಂಟಲಿ, ತೆಗೀರಿ.”

ಬಲಗಣ್ಣಿನ ರೆಪ್ಪೆ ಜೋತುಬಿದ್ದಿತ್ತು. ಕೈಚೀಲದಲ್ಲಿ ಲೇಬಲ್ ಇಲ್ಲದ ಸೀಸೆಗಳೂ ಸೂಜಿಗಳೂ ಸಿಕ್ಕವು. ಪಂಚರ ಎದುರು ಅವೆಲ್ಲ ಜಪ್ತಿಯಾದವು.

ಠಾಣೆಯಲ್ಲಿ ಗುರುತು ಹಿಡಿಯಲು ಟೀಚರ್ ಬಂದಳು. ಸೂಜಿಯಕ್ಕ ತಲೆ ತಗ್ಗಿಸಿ ಸೆರಗು ಎಳೆದುಕೊಂಡಳು.

“ಇವಳೇ,” ಎಂದಳು ಟೀಚರ್. ಆಮೇಲೆ ಹತ್ತಿರ ಹೋಗಿ, ಬೆರಳಿನಿಂದ ತನ್ನ ಹುಬ್ಬು ಎತ್ತಿ ಹಿಡಿದು ಕೇಳಿದಳು: “ಯಾಕೆ?”

ಸೂಜಿಯಕ್ಕ ಅಳತೊಡಗಿದಳು. ಇಸ್ತ್ರಿ ಹಾಕಿದ ಬಟ್ಟೆಯಂಥ ಅವಳ ಹಣೆಯ ಮೇಲೆ ಒಂದು ಗೆರೆಯೂ ಮೂಡಲಿಲ್ಲ.

“ಚರ್ಮದ ಡಾಕ್ಟರ ಹತ್ರ ರಿಸೆಪ್ಷನ್‌ನಲ್ಲಿದ್ದೆ. ಸುಕ್ಕು ಬಿದ್ದ ಮುಖ ಇಟ್ಕೊಂಡು ಮುಂದೆ ಕೂರಬೇಡ ಅಂತ ಕೆಲಸದಿಂದ ತೆಗೆದ್ರು. ಅಲ್ಲಿ ನೋಡಿ ಕಲಿತಿದ್ದೆ. ಮುಂದೆ ಕೂರೋಕೆ ಬಿಡಲಿಲ್ಲ, ಹಿಂದಿನ ಕೋಣೇಲಿ ಕೂತೆ.”

ಟೀಚರಿಗೆ ಸಿಟ್ಟೂ ಬಂತು, ಅಯ್ಯೋ ಅನ್ನಿಸಿತು ಕೂಡ.

“ಅವರ ಮೇಲಿನ ಸಿಟ್ಟನ್ನ ನನ್ನ ಹಣೆ ಮೇಲೆ ತೀರಿಸ್ಕೊಂಡ್ಯಲ್ಲೇ! ಅವತ್ತೇ ಆ ಮುಖಾನೇ ತಗೊಂಡು ಇಲ್ಲಿಗೆ ಬಂದು ದೂರು ಕೊಡಬೇಕಿತ್ತು, ನನ್ನ ಹಾಗೆ.”

ಬಂಧನದ ಕಾಗದಕ್ಕೆ ಸೂಜಿಯಕ್ಕ ಸಹಿ ಹಾಕಿದಳು. ಹೊರಗೆ ಜನ ಸೇರಿದ್ದು ನೋಡಿ ಹೆಡ್ ಸಾಹೇಬರು ಟೀಚರಿಗೆ ಹಿಂಬಾಗಿಲು ತೋರಿಸಿದರು. ಆಕೆ ಅವರನ್ನೊಮ್ಮೆ ನೋಡಿ, ಬೆರಳಿನಿಂದ ಹುಬ್ಬು ಎತ್ತಿದಳು. ಅವರು ತಾವೇ ಎದ್ದು ಮುಂಬಾಗಿಲು ತೆರೆದರು.