ಊರು ಬಿಡದ ಟೀಚರ್

ಅಂಬರೇಶ ಸರ್ ಮೊದಲ ದಿನವೇ ನನಗೆ ಸಿಟ್ಟು ತರಿಸಿದ್ದರು. ರಾಯಚೂರಿನಲ್ಲಿ ಅಂಗನವಾಡಿ ಟೀಚರ್‌ಗಳಿಗೆ ಆರು ದಿನದ ತರಬೇತಿ. ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಲವತ್ತು ಹೆಂಗಸರ ಮುಂದೆ ನಿಂತು, "ಹೊಸದಾಗಿ ಬಂದ ಕೂಸು ಅಳಾಕತ್ತಿದ್ರ ಒಂದು ಹಾಡು ಹೇಳ್ರಿ, ಹತ್ತು ನಿಮಿಷದಾಗ ಸುಮ್ನಾಗ್ತದ" ಎಂದಿದ್ದರು. ಹತ್ತು ನಿಮಿಷವಂತೆ. ಆರು ವರ್ಷದಿಂದ ಚೀಕಲಪರ್ವಿಯ ಅಂಗನವಾಡಿ ನಡೆಸುತ್ತಿರುವ ನನಗೆ ಮೈ ಉರಿದುಹೋಯಿತು.

ಮರುದಿನ ಅವರು ಒಂದು ಆಟ ಹೂಡಿದರು. "ಇವತ್ತು ನೀವೆಲ್ಲಾ ಮೂರು ವರ್ಷದ ಕೂಸುಗಳು. ನಾ ಟೀಚರು. ಮುಂದ ಯಾರ್ ಬರ್ತೀರಿ?"

ನಾನು ಎದ್ದು ಹೋದೆ. ಹೋದವಳೇ ಅವರ ಅಂಗಿಯ ಚುಂಗು ಹಿಡಿದು ನೆಲಕ್ಕೆ ಕುಳಿತು, "ನಮ್ಮವ್ವ ಬೇಕೂ" ಎಂದು ರಾಗ ತೆಗೆದೆ.

ಅವರು ಹಾಡಿದರು. ನಾನು ಇನ್ನೂ ಜೋರಾಗಿ ಅತ್ತೆ. ಬಟ್ಟೆಯ ಗೊಂಬೆ ಕುಣಿಸಿದರು. ಕಸಿದುಕೊಂಡು ಕಿಟಕಿಯ ಕಡೆಗೆ ಎಸೆದೆ. ಜೇಬಿನಿಂದ ಚಾಕ್ಲೇಟ್ ತೆಗೆದುಕೊಟ್ಟರು. ಅದನ್ನು ಬಾಯಿಗೆ ಹಾಕಿಕೊಂಡೇ ಅಳು ಮುಂದುವರಿಸಿದೆ. ಹಾಲ್ ತುಂಬ ನಗು. ಇಸ್ತ್ರಿಯ ಗೆರೆಗಳೆಲ್ಲ ನನ್ನ ಮುಷ್ಟಿಯಲ್ಲಿ ಮುದುಡಿಹೋಗಿದ್ದವು, ಇಪ್ಪತ್ತು ನಿಮಿಷ ಕಳೆದಿತ್ತು.

ಕೊನೆಗೆ ಅವರು ನನ್ನ ಪಕ್ಕದಲ್ಲಿ ನೆಲದ ಮೇಲೆ ಕುಳಿತುಬಿಟ್ಟರು. ಹಾಡಿಲ್ಲ, ಮಾತಿಲ್ಲ. ಯಾಕೋ ಏನೋ, ನನಗೂ ಅಳಬೇಕೆನ್ನಿಸಲಿಲ್ಲ. ತಲೆ ಎತ್ತಿದರೆ ಅವರು ನನ್ನನ್ನೇ ನೋಡುತ್ತಿದ್ದರು. ಹಣೆಯ ಮೇಲೆ ಬೆವರು, ಕಣ್ಣ ಅಂಚಿನಲ್ಲಿ ತಡೆದಿಟ್ಟ ನಗು. ನಾನು ಅಂಗಿ ಬಿಡುವುದನ್ನೇ ಮರೆತಿದ್ದೆ.

"ಇದು ನನ್ನ ಕೈಪಿಡ್ಯಾಗ ಇಲ್ರಿ. ಬರ್ಕೊಳ್ತೀನಿ" ಎಂದರು.

ಬರೆದುಕೊಂಡರು ಕೂಡ. ಎಷ್ಟೋ ತರಬೇತಿಗಳಿಗೆ ಹೋಗಿದ್ದೇನೆ, ಎಲ್ಲ ಕಡೆಯೂ ತರಬೇತಿ ಕೊಡುವವರು ಹೇಳುವುದು, ನಾವು ಬರೆದುಕೊಳ್ಳುವುದು. ನಮ್ಮಿಂದ ಕಲಿತದ್ದನ್ನು ಬರೆದುಕೊಂಡ ಮೊದಲ ಮನುಷ್ಯ ಇವರೇ. ನನ್ನ ಮನಸ್ಸು ಅಲ್ಲಿಯೇ ಜಾರಿತು, ಸುಳ್ಳು ಯಾಕೆ ಹೇಳಲಿ.

ಸಂಜೆ ಮಂಡಕ್ಕಿ ಒಗ್ಗರಣಿ, ಮಿರ್ಚಿ ಭಜ್ಜಿಯ ಪ್ಲೇಟು ಹಿಡಿದು ಹತ್ತಿರ ಬಂದರು.

"ಈಗರ ನನ್ನ ಅಂಗಿಗಿ ಭಯ ಇಲ್ಲಲ್ರಿ?"

"ಸಣ್ಣ ಕೂಸು ಸರ್ ನಾನು. ಯಾವಾಗ ಏನ್ ಮಾಡ್ತದೋ ಯಾರಿಗೆ ಗೊತ್ತು."

"ಹಂಗಾದ್ರ ನಿಜವಾದ ಕೂಸುಗಳ್ನ ನೋಡಾಕ ನಿಮ್ಮೂರಿಗಿ ಬರ್ಲೇನು?"

"ಬರ್ರಿ. ಆದ್ರ ಒಂದು ದಿನ ಪೂರಾ ನೀವ ನಡಸ್ಬೇಕು. ನಾ ಮೂಲ್ಯಾಗ ಕುಂದರ್ತೀನಿ."

ಬಂದರು. ಇಪ್ಪತ್ತಾರು ಮಕ್ಕಳು. ಹನ್ನೊಂದು ಗಂಟೆಯೊಳಗೆ ಒಂದು ಕೂಸು ಅವರ ತೊಡೆಯ ಮೇಲೆ ಉಚ್ಚೆ ಹೊಯ್ದಿತ್ತು, ಇನ್ನೊಂದು ಅವರ ಕನ್ನಡಕ ಹಾಕಿಕೊಂಡು ಓಡಾಡುತ್ತಿತ್ತು. ಊಟದ ಹೊತ್ತಿಗೆ ನನ್ನ ಕಡೆ ತಿರುಗಿ ಎರಡೂ ಕೈ ಮುಗಿದರು. ನಾನು ಮೂಲೆ ಬಿಟ್ಟು ಏಳಲಿಲ್ಲ. ಅನ್ನ ಹಾಕುತ್ತಾ ಹಾಕುತ್ತಾ ನನ್ನನ್ನು ನೋಡಿ ಹುಸಿಮುನಿಸು ತೋರಿಸುವ ಆ ಕಣ್ಣುಗಳನ್ನು ಸಂಜೆಯವರೆಗೂ ನೋಡಿದೆ.

ತರಬೇತಿಯ ನಂತರ ತಿಂಗಳಿಗೊಮ್ಮೆ ಕೇಂದ್ರಕ್ಕೆ ಭೇಟಿ ಕೊಡಬೇಕೆಂಬುದು ತರಬೇತುದಾರರಿಗಿದ್ದ ನಿಯಮ. ಇವರು ವಾರಕ್ಕೊಮ್ಮೆ ಬರತೊಡಗಿದರು. ಸಹಾಯಕಿ ಮಹಾಂತಮ್ಮ ಕಾಳು ಆರಿಸುತ್ತಾ, "ಈ ಸರ್ ನೋಡಾಕ ಬರೋದು ಕೂಸುಗಳ್ನ ಅಲ್ಲ ಬಿಡ್ರಿ ಟೀಚರ್" ಎಂದಳು. ನಾನು ರಿಜಿಸ್ಟರಿನಿಂದ ತಲೆ ಎತ್ತಲಿಲ್ಲ.

ಒಂದು ಮಧ್ಯಾಹ್ನ ಮಕ್ಕಳೆಲ್ಲ ಹೋದ ಮೇಲೆ ಇಬ್ಬರೂ ಜಮಖಾನೆ ಮಡಚುತ್ತಿದ್ದೆವು. ಆಚೆ ತುದಿ ಹಿಡಿದುಕೊಂಡು ಈಚೆಗೆ ಬಂದವರು ಅಲ್ಲಿಯೇ ನಿಂತರು.

"ಅನ್ನಪೂರ್ಣ, ನನಗ ನಿಮ್ಮ ಮ್ಯಾಲ ಮನಸ್ಸಾಗೇದ."

"ನನಗೂ ಆಗೇದ್ರಿ. ಆದ್ರ ನಾ ಈ ಊರು ಬಿಟ್ಟು ಬರಂಗಿಲ್ಲ."

ಅಂಗನವಾಡಿ ಟೀಚರ್ ಅದೇ ಊರಿನ ನಿವಾಸಿಯಾಗಿರಬೇಕು. ಮದುವೆಯಾಗಿ ಹೊರಗೆ ಹೋದರೆ ಹುದ್ದೆ ಹೋಯಿತೆಂದೇ ಲೆಕ್ಕ. ನನಗಿಂತ ಮೊದಲಿದ್ದ ಟೀಚರ್ ಹಾಗೆಯೇ ಗುಂಜಹಳ್ಳಿಗೆ ಹೋದಳು, ಕೇಂದ್ರಕ್ಕೆ ಎರಡು ವರ್ಷ ಬೀಗ ಬಿತ್ತು. ಕೂಲಿಗೆ ಹೋಗುವ ತಾಯಂದಿರು ಕೂಸುಗಳನ್ನು ಗದ್ದೆಯ ಬದುವಿನ ಮೇಲೆ ಮಲಗಿಸುತ್ತಿದ್ದರು. ಆ ಬೀಗ ತೆಗೆದು, ಜೇಡರ ಬಲೆ ಹೊಡೆದು, ಮನೆ ಮನೆಗೆ ಹೋಗಿ ಮಕ್ಕಳನ್ನು ಕರೆತಂದವಳು ನಾನು. ಅದನ್ನು ಯಾರಿಗೋಸ್ಕರವೂ ಬಿಡುವವಳಲ್ಲ.

"ನನಗ ತಿಳೀತದ" ಎಂದರು ಅಂಬರೇಶ. "ಅವ್ವನ್ನ ಕರ್ಕೊಂಡು ಬರ್ತೀನಿ."

ದೇವದುರ್ಗದಿಂದ ಅವರ ತಾಯಿ ಭೀಮವ್ವ ನಮ್ಮ ಮನೆಗೆ ಬಂದರು. ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು, ಒಪ್ಪಿದರು, ನಗುನಗುತ್ತಲೇ ಮಾತು ಮುಗಿಸಿದರು.

"ಕೂಸುಗಳ್ನ ನೋಡೋ ಆಸಿ ಇದ್ರ ನಿನ್ನ ಕೂಸುಗಳ್ನ ನೋಡಿದ್ರಾತು. ನಾಳಿಂದ ಆ ಕೆಲಸ ಬಿಡವ್ವ."

"ಬಿಡಂಗಿಲ್ರಿ ಅತ್ತಿ."

"ಏನಂದಿ?"

"ಕೆಲಸಾನೂ ಬಿಡಂಗಿಲ್ಲ, ಊರೂ ಬಿಡಂಗಿಲ್ಲ. ಇದನ್ನ ನಿಮ್ಮ ಮಗಗ ಮೊದಲ ಹೇಳೀನಿ."

ಎಲ್ಲರೂ ಅಂಬರೇಶರ ಕಡೆ ನೋಡಿದರು. ಅವರು ಕಾಲ ಬಳಿಯ ನೆಲ ನೋಡುತ್ತಾ ಕುಳಿತರು. ಭೀಮವ್ವ ಸೆರಗು ಕೊಡವಿಕೊಂಡು ಎದ್ದರು. ನಮ್ಮಪ್ಪ ರಾಮಣ್ಣ ಎರಡು ದಿನ ನನ್ನ ಕೂಡ ಮಾತಾಡಲಿಲ್ಲ. ಅದು ನೋಯಲಿಲ್ಲ. ಆ ಮನುಷ್ಯ ಒಂದು ಮಾತು ಆಡಲಿಲ್ಲವಲ್ಲ, ಅದು ನೋಯಿತು.

ಅವರ ಫೋನ್ ಎತ್ತುವುದನ್ನು ಬಿಟ್ಟೆ. ಒಂಬತ್ತು ದಿನ ಬಂತು, ಆಮೇಲೆ ನಿಂತೇಹೋಯಿತು. ನಿಂತ ಮೇಲೆ ದಿನಕ್ಕೆ ನೂರು ಸಲ ಫೋನ್ ತೆಗೆದು ನೋಡಿದೆ. ಅವರ ಮೇಲೆ ಕೆಂಡದಂಥ ಸಿಟ್ಟು, ಅವರನ್ನು ಕಾಣದೆ ಅನ್ನ ಸೇರದಂಥ ಹಂಬಲ, ಎರಡೂ ಒಟ್ಟಿಗೇ ಇದ್ದವು. ಆದರೂ ಬೆಳಿಗ್ಗೆ ಒಂಬತ್ತೂವರೆಗೆ ಕೇಂದ್ರದ ಬಾಗಿಲು ತೆರೆಯುತ್ತಿದ್ದೆ.

ಏಪ್ರಿಲ್ ಬಂತು, ಮನೆ ಮನೆ ಸಮೀಕ್ಷೆಯ ಕೆಲಸ. ಪ್ರತಿ ಮನೆಗೆ ಹೋಗಿ ಊರಿನಲ್ಲಿರುವ ಒಬ್ಬೊಬ್ಬರ ಹೆಸರನ್ನೂ ರಿಜಿಸ್ಟರಿನಲ್ಲಿ ಬರೆಯಬೇಕು. ಹೊಳೆಯ ದಾರಿಯ ಗುಲಾಮ್ ದಸ್ತಗೀರ್ ಚಾಚಾ ತಮ್ಮ ಮನೆಯವರ ಹೆಸರೆಲ್ಲ ಹೇಳಿ, "ಬಾಜೂ ಖೋಲಿಗಿ ಹೊಸಬ್ರು ಬಂದಾರವ್ವ, ಅವರ್ದೂ ಬರ್ಕೋ" ಎಂದರು.

ಬಾಗಿಲು ಬಡಿದೆ. ತೆರೆದವರು ಅಂಬರೇಶ. ಕೈಯಲ್ಲಿ ಪೊರಕೆ, ತಲೆಯ ಮೇಲೆ ಜೇಡರ ಬಲೆ.

ನಾನು ಮುಖ ಬಿಗಿದುಕೊಂಡೆ. "ಇಲ್ಲೇನ್ ಮಾಡಾಕತ್ತೀರಿ?"

"ಕಸ ಹೊಡಿಯಾಕತ್ತೀನ್ರಿ."

"ಸರ್."

"ಮನಿ ಹಿಡಿದೀನಿ. ರಾಯಚೂರಾಗಿರ್ಲಿ, ಮಾನ್ವ್ಯಾಗಿರ್ಲಿ, ತರಬೇತಿಗಿ ನಾ ಹ್ಯಾಂಗೂ ಬಸ್ ಹತ್ಬೇಕು. ಆ ಬಸ್ ಇಲ್ಲಿಂದ ಹತ್ತಿದ್ರಾತು. ನಿಮ್ಮ ಕೆಲಸಕ್ಕ ಊರು ಬೇಕು, ನನ್ನ ಕೆಲಸಕ್ಕ ಬ್ಯಾಡ."

"ಅವತ್ತು ಇದ ಮಾತು ಬಾಯಿಗಿ ಬರ್ಲಿಲ್ಲೇನು?"

ಅವರ ಮುಖ ಇಳಿಯಿತು. "ತಪ್ಪಾತು. ಅವ್ವನ ಎದುರಿಗಿ ಧೈರ್ಯ ಸಾಲ್ಲಿಲ್ಲ. ಮನಿಗಿ ಹೋಗಿ ಹೇಳೀನಿ. ಹೇಳಾಕ ಇಪ್ಪತ್ತು ದಿನ ಹಿಡೀತು. ಆಕಿ ಇನ್ನೂ ನನ್ನ ಕೂಡ ಮಾತಾಡವಲ್ಲಳು."

ದಾರಿಯಲ್ಲಿ ಹೋಗುತ್ತಿದ್ದ ಯಾರೋ ಕೂಗಿದರು, "ಏನ್ ಮಾಸ್ತರ್, ಮನಿ ಅಳಿಯತನಕ್ಕ ಬಂದೀರೇನು?"

"ಬಂದೀನ್ರಿ. ಟೀಚರ್ ಇನ್ನೂ ಒಪ್ಪಿಲ್ಲ" ಎಂದು ಅಂಬರೇಶ ಓಣಿಗೆಲ್ಲ ಕೇಳುವಂತೆ ಹೇಳಿದರು. ನೆಲ ನೋಡಲಿಲ್ಲ, ನನ್ನನ್ನೇ ನೋಡಿದರು. ನನ್ನ ಕಣ್ಣು ತುಂಬಿಬಂತು. ಅದನ್ನು ಮುಚ್ಚಲು ರಿಜಿಸ್ಟರ್ ಬಿಚ್ಚಿದೆ.

"ಹೆಸರು?"

"ಅಂಬರೇಶ."

"ತಾತ್ಕಾಲಿಕನೋ, ಕಾಯಂ ಆಗಿನೋ?"

"ಕಾಯಂ ಬರೀರಿ."

ಬರೆದೆ. ಅಕ್ಷರ ಸೊಟ್ಟಗಾಯಿತು, ಹೊಡೆದುಹಾಕಲಿಲ್ಲ.

"ಬರೋ ಐತವಾರ ನಾನು, ನಮ್ಮಪ್ಪ ದೇವದುರ್ಗಕ್ಕ ಬರ್ತೀವಿ. ನಿಮ್ಮವ್ವಗ ಹೇಳಿಡ್ರಿ."

"ಯಾಕಂತ ಹೇಳ್ಲಿ?"

"ಗಂಡು ನೋಡಾಕ."

ಪೊರಕೆ ಕೆಳಗಿಟ್ಟು ಅವರು ನಕ್ಕರು. "ಗಂಡು ನಿಮಗ ಒಪ್ಪಿಗಿ ಏನ್ರಿ?"

ನಾನು ರಿಜಿಸ್ಟರ್ ಮುಚ್ಚಿ ಮುಂದಿನ ಮನೆಯ ಕಡೆಗೆ ಹೊರಟೆ.

"ನೋಡಿ ಹೇಳಿ ಕಳಸ್ತೀವಿ."