ಖಾಲಿ ಕೈಯ ಫೋಟೋಗಳು

"ಸ್ವಲ್ಪ ನಿಮ್ಮ ಕೈ ಕೊಡ್ತೀರಾ?"

ಅವಳು ಕಂಪ್ಯೂಟರಿನಿಂದ ತಲೆ ಎತ್ತಿದರೆ ಬಾಗಿಲಲ್ಲಿ ಕಂಪನಿಯ ಫೋಟೋಗ್ರಾಫರ್ ನಿಂತಿದ್ದ. ಅಕ್ಕಪಕ್ಕದ ಮೇಜಿನವರು ಕಿಸಕ್ಕನೆ ನಕ್ಕರು. ಅವನ ಕಿವಿ ಕೆಂಪಾಯಿತು.

"ಅಂದ್ರೆ... ಫೋಟೋಗೆ. ಕಪ್ ಹಿಡ್ಕೊಳ್ಳೋಕೆ. ಮಾಡೆಲ್ ಇನ್ಮೇಲೆ ಬರಲ್ಲ, ಖರ್ಚು ಕಮ್ಮಿ ಮಾಡ್ಬೇಕಂತೆ."

"ಕೈ ಕೊಡೋ ಅಭ್ಯಾಸ ನನಗಿಲ್ಲ," ಎಂದಳು ಅವಳು, ಮುಖ ಬಿಗಿಹಿಡಿದು. "ಬೇಕಾದ್ರೆ ಅರ್ಧ ಗಂಟೆ ಸಾಲ ಕೊಡ್ತೀನಿ."

ಶುರುವಾದದ್ದು ಹಾಗೆ.

ಮನೆಬಳಕೆಯ ಸಾಮಾನು ಮಾರುವ ಆನ್‌ಲೈನ್ ಅಂಗಡಿ ಅದು. ಕಪ್, ದೀಪ, ಟವೆಲು, ಹಾಸಿಗೆ ಹೊದಿಕೆ. ಪ್ರತಿ ವಸ್ತುವಿನ ಕೆಳಗೆ ನಾಲ್ಕು ಸಾಲು ಬರೆಯುವುದು ಅವಳ ಕೆಲಸ. ಮುಟ್ಟಲಾಗದ ಗಿರಾಕಿಗೆ ಮುಟ್ಟಿದಂತೆ ಅನ್ನಿಸಬೇಕು. ಆದರೆ ಕಾಲ ಕೆಟ್ಟಿತ್ತು. ಎಲ್ಲೆಡೆ ಕೆಲಸಗಳು ಹೋಗುತ್ತಿದ್ದವು. ಜನ ಮೊಬೈಲಿನಲ್ಲಿ ನೋಡಿ, ಆಸೆಪಟ್ಟು, ದುಡ್ಡು ಕಟ್ಟುವ ಹೊತ್ತಿಗೆ ಮಾಯವಾಗುತ್ತಿದ್ದರು. ಎಲ್ಲರೂ ಬೆನ್ನ ಹಿಂದೆ 'ಡಿಸ್ಕೌಂಟ್ ಮೇಡಂ' ಎನ್ನುತ್ತಿದ್ದ ಮುಖ್ಯಸ್ಥೆ ದಿನಕ್ಕೊಂದು ಉಪಾಯ ಹೂಡುತ್ತಿದ್ದರು. ಅಗ್ಗದ್ದನ್ನು ಮೊದಲು ತೋರಿಸಿ, ಉಚಿತ ಡೆಲಿವರಿ ನಿಲ್ಲಿಸಿ, ಮತ್ತೆ ಶುರು ಮಾಡಿ. ಯಾವುದೂ ಕೈಹಿಡಿಯಲಿಲ್ಲ.

ನೆಲಮಾಳಿಗೆಯ ಸ್ಟುಡಿಯೋಗೆ ಮಾತ್ರ ಆ ಗದ್ದಲ ಇಳಿಯುತ್ತಿರಲಿಲ್ಲ. ಅವನು ಅವಳ ಬೆರಳನ್ನು ಮುಟ್ಟುತ್ತಿರಲಿಲ್ಲ. ಪೆನ್ಸಿಲಿನ ತುದಿಯಿಂದ ಕಿರುಬೆರಳನ್ನು ಕೂದಲೆಳೆಯಷ್ಟು ಸರಿಸುತ್ತಿದ್ದ, ಉಸಿರು ಬಿಗಿಹಿಡಿದು.

"ನಾನೇನು ಕಚ್ಚಲ್ಲ," ಎಂದಳು ಒಮ್ಮೆ.

"ಗೊತ್ತು. ಅಭ್ಯಾಸ ಆಗ್ಬಿಡುತ್ತೆ ಅಂತ ಭಯ."

ಹೇಳಿ ಮುಗಿಸುವಷ್ಟರಲ್ಲಿ ಕ್ಯಾಮೆರಾದ ಹಿಂದೆ ಅವಿತುಕೊಂಡ. ಆ ಮಾತನ್ನು ಅವಳು ಬಸ್ಸಿನಲ್ಲಿ ಮನೆಯವರೆಗೂ ಮೆಲುಕು ಹಾಕಿದಳು.

ಮನೆಯೆಂದರೆ ಅಣ್ಣನ ಮನೆ. ಅಣ್ಣನ ಕೆಲಸ ಹೋಗಿ, ಇಡೀ ಸಂಸಾರ ಅವಳ ಸಂಬಳದ ಮೇಲೆ ನಿಂತಿತ್ತು. ಪಾತ್ರೆ ತೊಳೆಯಲು ಹೋದರೆ ಅತ್ತಿಗೆ ಅಡ್ಡ ಬರುತ್ತಿದ್ದಳು. "ಬಿಡೇ, ಆ ಕೈ ಕಂಪನಿ ಆಸ್ತಿ. ಸವೆದ್ರೆ ನಮ್ಮ ತಲೆಗೆ ಕಟ್ತಾರೆ!"

ಒಂದು ಮಧ್ಯಾಹ್ನ ಅವನು, "ಇವತ್ತು ಏನೂ ಹಿಡ್ಕೋಬೇಡಿ," ಎಂದ.

"ಮತ್ತೆ?"

"ಬರೀ ಕೈ."

ಅಂಗೈ, ಮುಂಗೈ, ಬಿಗಿದ ಮುಷ್ಟಿ, ಅರಳಿದ ಬೆರಳು. ಕಿಟಕಿಯ ಬೆಳಕಿನಲ್ಲಿ, ದೀಪದ ಬೆಳಕಿನಲ್ಲಿ. ಮರುದಿನವೂ ಅದೇ, ವಾರಗಟ್ಟಲೆ ಅದೇ. ಅವನ ಮಾತು ಕಡಿಮೆಯಾಯಿತು, ಕಣ್ಣಿಗೆ ಕಣ್ಣು ಕೊಡುವುದನ್ನೂ ಬಿಟ್ಟ. ಅವಳು ಅದನ್ನು ನಾಚಿಕೆ ಎಂದುಕೊಂಡಳು. ಸುಮ್ಮಸುಮ್ಮನೆ ಒಬ್ಬಳ ಖಾಲಿ ಕೈಯನ್ನು ಗಂಟೆಗಟ್ಟಲೆ ನೋಡುವ ಗಂಡಸಿಗೆ ಬೇರೆ ಯಾವ ಕಾರಣ ಇರಲು ಸಾಧ್ಯ? ಕೇಳುತ್ತಾನೆ, ಇವತ್ತಲ್ಲ ನಾಳೆ ಕೇಳಿಯೇ ಕೇಳುತ್ತಾನೆ. ಮಲಗುವ ಮುಂಚೆ ಬೆರಳುಗಳಿಗೆ ಕ್ರೀಮ್ ಹಚ್ಚುತ್ತ ಉತ್ತರವನ್ನು ಅಭ್ಯಾಸ ಮಾಡುತ್ತಿದ್ದಳು.

ಆಮೇಲೆ ಡಿಸ್ಕೌಂಟ್ ಮೇಡಂ ಬರೆಯುವವರನ್ನೆಲ್ಲ ಕರೆದರು. ಇನ್ನು ಮುಂದೆ ವಿವರಣೆಯನ್ನೂ ಫೋಟೋವನ್ನೂ ಸಾಫ್ಟ್‌ವೇರೇ ತಯಾರಿಸುತ್ತದಂತೆ. ಬರೆಯುವವರು ಯಾರೂ ಬೇಕಿಲ್ಲ. ಎಲ್ಲರೂ ಎದ್ದು ಹೋದ ಮೇಲೆ ಅವಳನ್ನು ತಡೆದು, ಸಮಾಧಾನ ಮಾಡುವವರ ಹಾಗೆ ಹೇಳಿದರು:

"ನಿಮ್ಮ ಕೈ ಮಾತ್ರ ನಮ್ಮಲ್ಲೇ ಇರುತ್ತೆ. ಎಲ್ಲಾ ಕೋನದಿಂದ್ಲೂ ತೆಗೆಸಿಟ್ಟಿದೀವಿ. ಸಾಫ್ಟ್‌ವೇರ್ ಅದಕ್ಕೆ ಏನು ಬೇಕಾದ್ರೂ ಹಿಡಿಸುತ್ತೆ. ಫೋಟೋಗ್ರಾಫರ್ ಅದನ್ನ ನೋಡ್ಕೋತಾರೆ."

ಅವಳು ನೇರ ಸ್ಟುಡಿಯೋಗೆ ಇಳಿದಳು. ಅವನು ದೀಪದ ವೈರು ಸುತ್ತುತ್ತಿದ್ದ.

"ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಯಾವಾಗಿಂದ?"

"ಖಾಲಿ ಕೈ ತೆಗೆಯೋಕೆ ಶುರು ಮಾಡಿದ ದಿನದಿಂದ." ವೈರು ಅವನ ಕೈಯಿಂದ ಜಾರಿತು. "ಬಾಯಿಬಿಟ್ರೆ ನನ್ನ ಕೆಲಸವೂ ಹೋಗ್ತಿತ್ತು. ಅಪ್ಪ ಆಸ್ಪತ್ರೆಲಿದಾರೆ... ಇಲ್ಲ, ನೆಪ ಹೇಳಲ್ಲ." ತಲೆ ಎತ್ತಿ ಕೇಳಿದ: "ನನ್ನ ಮದುವೆ ಆಗ್ತೀರಾ?"

ಎಷ್ಟು ದಿನ ಕಾದ ಮಾತು! ಅಭ್ಯಾಸ ಮಾಡಿದ್ದ ಉತ್ತರವನ್ನು ಅವಳು ಹೇಳಲಿಲ್ಲ.

"ಊರು ಕೊಳ್ಳೆ ಹೋದ್ಮೇಲೆ ಕೋಟೆ ಬಾಗಿಲು ಹಾಕ್ತಿದೀರಲ್ಲ," ಎಂದಳು. "ಒಂದೇ ಒಂದು ಹೇಳಿ. ಇದು ಪ್ರೀತಿನಾ, ಪರಿಹಾರನಾ?"

"ಪ್ರೀತಿ." ಅವನು ತಲೆ ತಗ್ಗಿಸಿದ. "ಪರಿಹಾರನೂ ಸೇರಿರಬಹುದು. ನನಗೇ ಬೇರೆ ಮಾಡೋಕೆ ಬರ್ತಿಲ್ಲ."

ಸುಳ್ಳು ಹೇಳಿದ್ದರೆ ಅಲ್ಲೇ ಒಪ್ಪಿಬಿಡುತ್ತಿದ್ದಳೇನೋ. ನಿಜ ಹೇಳಿದ. ಅವಳು ಹಿಂತಿರುಗಿ ನೋಡದೆ ಹೊರಟಳು.

ಬರೆಯುವ ಕೆಲಸ ಎಲ್ಲೂ ಸಿಗಲಿಲ್ಲ. ಕೊನೆಗೆ ಬೇರೊಂದು ಕಂಪನಿಯ ಗೋದಾಮಿನಲ್ಲಿ ಪೆಟ್ಟಿಗೆಗಳಿಗೆ ಟೇಪು ಸುತ್ತುವ ಕೆಲಸ ಹಿಡಿದಳು. ತಿಂಗಳುಗಳು ಉರುಳಿದವು. ಒಂದು ಭಾನುವಾರ ಅತ್ತಿಗೆ ಮೊಬೈಲು ಹಿಡಿದು ಓಡಿಬಂದಳು.

"ನೋಡೇ, ನಿನ್ನ ಕೈ! ಬೆರಳಲ್ಲಿ ಉಂಗುರ!"

ಕಷ್ಟಕಾಲದಲ್ಲಿ ಜನ ಸೋಫಾ ಬಿಡುತ್ತಾರೆ, ಮದುವೆ ಬಿಡುವುದಿಲ್ಲ ಎಂದು ಆ ಅಂಗಡಿ ಈಗ ಅಗ್ಗದ ಉಂಗುರಗಳಿಗೆ ಇಳಿದಿತ್ತು. ಅವಳದೇ ಉಂಗುರದ ಬೆರಳು. ಸಣ್ಣ ತಿಳಿನೀಲಿ ಕಲ್ಲು. ಅತ್ತಿಗೆಗೆ ಏನೂ ಹೇಳದೆ ಮೆಟ್ಟಿಲ ಬಳಿ ಹೋಗಿ ಅವನಿಗೆ ಫೋನ್ ಹಚ್ಚಿದಳು. ಒಂದೇ ರಿಂಗಿಗೆ ಎತ್ತಿದ.

"ಆ ಉಂಗುರ..."

"ನಾನೇ ಹಾಕಿದ್ದು," ಎಂದ. "ಸಾಫ್ಟ್‌ವೇರ್ ಯಾವುದೋ ದಪ್ಪ ಕಲ್ಲಿನದು ಹಾಕಿತ್ತು. ನಿಮಗೆ ಒಪ್ಪಲ್ಲ ಅನ್ನಿಸ್ತು. ಒಂದೊಂದೇ ಹಾಕಿ ನೋಡಿ ಇದನ್ನ ಆರಿಸಿದೆ. ನನಗೆ ಮಾಡೋಕೆ ಉಳಿದಿದ್ದು ಅದೊಂದೇ."

ಅವಳು ಮೆಟ್ಟಿಲ ಕಂಬಿ ಹಿಡಿದುಕೊಂಡಳು. "ಚೆನ್ನಾಗಿದೆ. ಆದ್ರೆ ಕೇಳದೆ ಹಾಕಿದ್ರಿ. ಈ ಸಲಾನೂ ಕೇಳಲಿಲ್ಲ."

"ಹೌದು," ಎಂದ ಅವನು.

"ತೆಗೆದ್ಬಿಡಿ."

"ಉಂಗುರಾನಾ?"

"ಕೈಯನ್ನ."

"ಅದನ್ನೂ ತೆಗೆದ್ರೆ ನಿಮ್ಮದು ಅಂತ ನನ್ನ ಹತ್ರ ಏನೂ ಉಳಿಯಲ್ಲ."

"ಗೊತ್ತು." ಅವಳ ದನಿ ಒಡೆಯಿತು. ಮಾತು ತಿರುಗಿಸಲೆಂದು, "ಅಪ್ಪ ಹೇಗಿದಾರೆ?" ಎಂದಳು.

"ಹೋದ್ರು."

"ಅಯ್ಯೋ... ಒಂದು ಮಾತು ಹೇಳಬಾರದಿತ್ತಾ?"

"ಯಾವ ಮುಖ ಇಟ್ಕೊಂಡು ಹೇಳ್ಲಿ?"

ಇಬ್ಬರೂ ಅಳಲಿಲ್ಲ, ಫೋನೂ ಇಡಲಿಲ್ಲ. ಆಮೇಲೆ ಅವನು ಮೆಲ್ಲಗೆ ಕೇಳಿದ: "ಈಗ ಕೈ ಹೇಗಿದೆ?"

"ಒರಟಾಗಿದೆ. ನೋಡಿದ್ರೆ ಗುರುತೇ ಹಿಡಿಯಲ್ಲ ನೀವು."

"ಹಿಡೀತೀನಿ."

ಬನ್ನಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡು, "ಊಟ ಬಿಡಬೇಡಿ, ಹುಷಾರಾಗಿರಿ," ಎಂದಳು. ಫೋನ್ ಇಟ್ಟಳು.

ಮರುದಿನ ಗೋದಾಮಿನ ಬಿಡುವಿನಲ್ಲಿ ಆ ಅಂಗಡಿಯನ್ನು ತೆರೆದಳು. ಪುಟ ಪುಟ ಹುಡುಕಿದಳು. ಕಪ್‌ಗಳಿದ್ದವು, ದೀಪಗಳಿದ್ದವು, ಉಂಗುರವೂ ಇತ್ತು, ಒಂಟಿಯಾಗಿ. ಅವಳ ಕೈ ಎಲ್ಲೂ ಇರಲಿಲ್ಲ. ಅದಕ್ಕೆ ಅವನೇನು ತೆತ್ತನೋ, ಕೆಲಸ ಉಳಿಯಿತೋ ಇಲ್ಲವೋ, ಅವಳಿಗೆ ತಿಳಿಯುವಂತಿರಲಿಲ್ಲ. ಒಮ್ಮೆಯಾದರೂ ಅವಳು ಕೇಳಿದ್ದನ್ನು ಅವನು ಮಾಡಿದ್ದ. ಮಾಡದೆ ಇದ್ದಿದ್ದರೆ ಮತ್ತೊಮ್ಮೆ ಫೋನ್ ಮಾಡಬಹುದಿತ್ತು.

ಪಕ್ಕದಲ್ಲಿ ಟೇಪು ಸುತ್ತುವವಳು ಅವಳ ಮುಖ ನೋಡಿ ಗಾಬರಿಯಾದಳು. "ಏನಾಯ್ತೇ?"

"ಏನಿಲ್ಲ. ಬೆರಳು ಕುಯ್ಕೊಂಡೆ."

"ಎಲ್ಲಿ, ತೋರಿಸು," ಎಂದು ಪಕ್ಕದವಳು ಆ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಒಂದೊಂದೇ ಬೆರಳನ್ನು ತಿರುಗಿಸಿ ನೋಡಿದಳು. ಎಲ್ಲೂ ಗಾಯವಿರಲಿಲ್ಲ. ಏನೂ ಕೇಳದೆ ಹಾಗೇ ಹಿಡಿದುಕೊಂಡು ಕೂತಳು.